ಪ್ರಾಥಮಿಕ ಶಾಲೆಯನ್ನು ಪರಿಸರಸ್ನೇಹಿಯಾಗಿಸುವುದು ಹೇಗೆ: ತಕ್ಕಡಿಯಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

ಜೂನ್ 5ರ ವಿಶ್ವ ಪರಿಸರ ದಿನದಂದು ಸಾಲಾಗಿ ಸಸಿ ನೆಟ್ಟು, ಮುಂದಿನ ವರ್ಷ ಅದೇ ಗುಂಡಿಗಳಲ್ಲಿ ಮತ್ತೆ ಸಸಿ ನೆಡುವ ಶಾಲೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅಲ್ಲಿ ಉತ್ಸಾಹಕ್ಕೇನೂ ಬರವಿರುವುದಿಲ್ಲ. ಎಷ್ಟು ಕಸ, ಎಷ್ಟು ನೀರು, ಎಷ್ಟು ವಿದ್ಯುತ್ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಯಾವ ಕೆಲಸ ಯಾರದು ಎಂದು ಎಲ್ಲೂ ಬರೆದಿರುವುದಿಲ್ಲ. ದೊಡ್ಡ ರಜೆಯಲ್ಲಿ ಏನು ಮಾಡಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಈ ಬರಹ ಹೆಚ್ಚು ಹೊತ್ತು ನಿಲ್ಲುವುದು ಈ ಮೂರರ ಮೇಲೆಯೇ. ಸೌರಫಲಕ, ಮಳೆನೀರಿನ ತೊಟ್ಟಿಯಂಥ ದೊಡ್ಡ ಕೆಲಸಗಳೂ ಮುಂದೆ ಬರುತ್ತವೆ. ಆದರೆ ಅವು ಎರಡನೆಯ ವರ್ಷದ ಮಾತು.

ಯಾರು ಮಾಡುತ್ತಾರೆ ಎಂಬುದು ಮೊದಲು

ಒಂದು ಪುಟ್ಟ ಸಮಿತಿ ಮಾಡಿ: ಮುಖ್ಯೋಪಾಧ್ಯಾಯರು, ಇಬ್ಬರು ಶಿಕ್ಷಕರು, ಒಬ್ಬ ಪೋಷಕರು, 3ನೇ ತರಗತಿಯಿಂದ ಮೇಲೆ ತರಗತಿಗೆ ಇಬ್ಬರು ಮಕ್ಕಳು. ಇವರ ಜೊತೆಗೆ ಕಸ ಗುಡಿಸುವವರು ಮತ್ತು ಅಡುಗೆಯವರು ಇರಲೇಬೇಕು. ಬಹಳಷ್ಟು ಶಾಲೆಗಳು ಇವರಿಬ್ಬರನ್ನು ಕೊನೆಗೆ ಕರೆದು 'ನಾಳೆಯಿಂದ ಹೀಗೆ ಮಾಡಿ' ಎಂದು ಹೇಳಿ ಕಳಿಸುತ್ತವೆ. ಯೋಜನೆ ಸೋಲುವುದು ಅಲ್ಲೇ. ಯಾವ ಕೋಣೆಯ ಬುಟ್ಟಿ ಬೇಗ ತುಂಬುತ್ತದೆ, ಯಾವ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತದೆ, ಯಾವ ದಿನದ ಅಡುಗೆ ಹೆಚ್ಚು ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಹೊಸ ಏರ್ಪಾಡಿನಿಂದ ಅವರ ಕೆಲಸ ದಿನಕ್ಕೆ ಎಷ್ಟು ನಿಮಿಷ ಹೆಚ್ಚುತ್ತದೆ, ಅದಕ್ಕೆ ಬದಲಾಗಿ ಯಾವ ಕೆಲಸ ಇಳಿಸಬಹುದು ಎಂಬುದನ್ನು ಮೊದಲ ಸಭೆಯಲ್ಲೇ ಮಾತಾಡಿ ಮುಗಿಸಿ.

'ಇಕೋ-ಸ್ಕೂಲ್ಸ್' ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮ 1994ರಿಂದ ನಡೆದುಬಂದಿದೆ. ಅದು ಶಾಲೆಗಳಿಗೆ ಏಳು ಹೆಜ್ಜೆ ಹೇಳಿಕೊಡುತ್ತದೆ. ಮೊದಲನೆಯದು ಸಮಿತಿ, ಎರಡನೆಯದು ಪರಿಸರ ಸಮೀಕ್ಷೆ, ಕಾರ್ಯಯೋಜನೆ ಬರುವುದು ಮೂರನೆಯದಾಗಿ. ನೀವು ಆ ಕಾರ್ಯಕ್ರಮಕ್ಕೆ ಸೇರಿ, ಬಿಡಿ, ಈ ಅನುಕ್ರಮ ಮಾತ್ರ ಪಾಲಿಸಿ. ಎರಡನೆಯದನ್ನು ಹಾರಿ ನೇರ ಮೂರಕ್ಕೆ ಹೋದವರು ತಮ್ಮಲ್ಲಿ ಇಲ್ಲದ ಸಮಸ್ಯೆಗೆ ಪರಿಹಾರ ಕೊಂಡು ತರುತ್ತಾರೆ.

ಪ್ರತಿ ಕೆಲಸದ ಎದುರು ಒಬ್ಬ ದೊಡ್ಡವರ ಹೆಸರು ಬರೆಯಿರಿ. 'ಎಲ್ಲರೂ' ಎಂದು ಬರೆದ ಕೆಲಸ ಯಾರದೂ ಅಲ್ಲ. ಮಕ್ಕಳ ಸರದಿ ನಾಲ್ಕು ವಾರಕ್ಕೊಮ್ಮೆ ಬದಲಾಗಲಿ. ವಾರಕ್ಕೊಮ್ಮೆ ಬದಲಿಸಿದರೆ ಕಲಿಯುವಷ್ಟರಲ್ಲಿ ಸರದಿ ಮುಗಿದಿರುತ್ತದೆ, ವರ್ಷಪೂರ್ತಿ ಒಬ್ಬರೇ ಆದರೆ ಅದು ಸಣ್ಣ ಪೊಲೀಸ್‌ಗಿರಿಯಾಗುತ್ತದೆ.

ಮಕ್ಕಳ ಕೈಗೆ ಕೊಡಬಾರದ ಕೆಲಸಗಳೂ ಇವೆ: ಶೌಚಾಲಯದ ಕಸ, ಒಡೆದ ಗಾಜು, ಬ್ಯಾಟರಿ, ಟ್ಯೂಬ್‌ಲೈಟ್, ಸ್ವಚ್ಛತೆಯ ರಾಸಾಯನಿಕ, ಏಣಿ ಹತ್ತುವ ಯಾವುದೇ ಕೆಲಸ. ಇದರಲ್ಲಿ ಚೌಕಾಸಿ ಬೇಡ.

ಒಂದು ವಾರದ ಅಳತೆ

ಪರೀಕ್ಷೆ, ಹಬ್ಬ, ವಾರ್ಷಿಕೋತ್ಸವ ಯಾವುದೂ ಇಲ್ಲದ ಸಾಮಾನ್ಯ ವಾರವೊಂದನ್ನು ಆರಿಸಿ. ಬೇಕಾಗುವುದು ಇಷ್ಟೇ: ತೂಗುಹಾಕುವ ತಕ್ಕಡಿ, ಮೂರು ಮೀಟರ್ ಅಗಲ-ಉದ್ದದ ಟಾರ್ಪಾಲಿನ್, ದಪ್ಪ ರಬ್ಬರ್ ಕೈಗವಸು, ಇಕ್ಕಳ, ನಾಲ್ಕು ಬಕೆಟ್, ಒಂದು ನೋಟ್‌ಬುಕ್.

ಶೌಚಾಲಯದ ಕಸವನ್ನು ಮೊದಲೇ ಬೇರೆ ಇಟ್ಟು, ಉಳಿದದ್ದನ್ನು ಶಾಲೆ ಬಿಟ್ಟ ಮೇಲೆ ಟಾರ್ಪಾಲಿನ್ ಮೇಲೆ ಸುರಿಯಿರಿ. ದೊಡ್ಡವರು ಇಕ್ಕಳದಿಂದ ನಾಲ್ಕು ಪಾಲು ಮಾಡಲಿ: ಆಹಾರ ಮತ್ತು ಹಸಿ ಕಸ, ಕಾಗದ ಮತ್ತು ರಟ್ಟು, ಪ್ಲಾಸ್ಟಿಕ್, ಉಳಿದದ್ದು. ಮಕ್ಕಳು ದೂರದಲ್ಲಿ ನಿಂತು ತೂಕ ಓದಿ ಬರೆದುಕೊಳ್ಳಲಿ. ಖಾಲಿ ಬಕೆಟ್‌ನ ತೂಕ ಕಳೆಯುವುದನ್ನು ಮರೆತವರ ಲೆಕ್ಕ ಮೊದಲ ದಿನವೇ ಕೆಡುತ್ತದೆ. ಬಕೆಟ್ ಮೇಲೆಯೇ ಅದರ ತೂಕ ಬರೆದುಬಿಡಿ. ಪ್ಲಾಸ್ಟಿಕ್ಕನ್ನು ಮಾತ್ರ ತೂಗಿ ಬಿಡಬೇಡಿ, ಎಣಿಸಿ ಕೂಡ. ತೂಕದಲ್ಲಿ ಅದು ಏನೂ ಅಲ್ಲ ಅನ್ನಿಸುತ್ತದೆ, ಎಣಿಕೆಯಲ್ಲಿ ಬೆರಗು ಹುಟ್ಟಿಸುತ್ತದೆ.

ಕಾಗದಕ್ಕೊಂದು ಸುಲಭ ಲೆಕ್ಕವಿದೆ. ಚದರ ಮೀಟರ್‌ಗೆ 80 ಗ್ರಾಂ ತೂಗುವ ಸಾಮಾನ್ಯ ಎ4 ಹಾಳೆ ಸರಿಸುಮಾರು 5 ಗ್ರಾಂ. ಅಂದರೆ ಒಂದು ಕಿಲೋ ಕಾಗದ 200 ಹಾಳೆ. 'ಈ ವಾರ ಆರು ಕಿಲೋ' ಎಂದರೆ ಮಕ್ಕಳಿಗೆ ತಟ್ಟುವುದಿಲ್ಲ, '1200 ಹಾಳೆ' ಎಂದರೆ ತಟ್ಟುತ್ತದೆ.

ಅದೇ ವಾರ ನೀರಿನ ಮತ್ತು ವಿದ್ಯುತ್ತಿನ ಮೀಟರನ್ನು ದಿನಕ್ಕೆರಡು ಸಲ, ಬೀಗ ಹಾಕುವ ಮುಂಚೆ ಮತ್ತು ಬೆಳಿಗ್ಗೆ ತೆಗೆದ ತಕ್ಷಣ, ಓದಿ ಬರೆದಿಡಿ. ಇಡೀ ಸಮೀಕ್ಷೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಈ ರಾತ್ರಿಯ ಅಂಕಿ. ಯಾರೂ ಇಲ್ಲದ 16 ಗಂಟೆಯಲ್ಲಿ 4 ಯೂನಿಟ್ ಓಡಿದ್ದರೆ, ರಾತ್ರಿಯಿಡೀ 250 ವ್ಯಾಟ್‌ನಷ್ಟು ಏನೋ ಉರಿಯುತ್ತಿದೆ ಎಂದರ್ಥ. ನೀರಿನ ಮೀಟರು ಮುಂದೆ ಸರಿದಿದ್ದರೆ, ಆ ರಾತ್ರಿ ತೊಟ್ಟಿ ತುಂಬಿಸಿರದಿದ್ದಲ್ಲಿ, ಎಲ್ಲೋ ಸೋರುತ್ತಿದೆ.

ಕಸದ ಬುಟ್ಟಿ: ಕಡಿಮೆ, ಜೋಡಿ, ಕಣ್ಣಿಗೆ ಬೀಳುವಂತೆ

ಬುಟ್ಟಿ ಕೊಳ್ಳುವ ಮುಂಚೆ ಕಸ ಒಯ್ಯುವವರನ್ನು ಕೇಳಿ: ಯಾವುದನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರೆ, ಯಾವ ದಿನ, ಒದ್ದೆಯಾದ ರಟ್ಟು ನಡೆಯುತ್ತದೆಯೇ, ಪದರಪದರವಾದ ಹಾಲಿನ ಪೆಟ್ಟಿಗೆ, ಚಿಪ್ಸ್ ಪೊಟ್ಟಣ ಒಪ್ಪುತ್ತಾರೆಯೇ. ಶಾಲೆಯ ವಿಂಗಡಣೆ ಅವರ ವಿಂಗಡಣೆಗೆ ಹೊಂದಬೇಕು. ಐದು ಬಣ್ಣದ ಬುಟ್ಟಿ ಸಾಲಾಗಿ ಇಟ್ಟು, ಸಂಜೆ ಐದನ್ನೂ ಒಂದೇ ಗಾಡಿಗೆ ಸುರಿಯುವುದನ್ನು ಒಂದೇ ಒಂದು ಮಗು ನೋಡಿದರೂ ಸಾಕು, ಮರುದಿನ ಇಡೀ ಶಾಲೆಗೆ ಸುದ್ದಿ ಹಬ್ಬುತ್ತದೆ. ಆಮೇಲೆ ಯಾವ ಭಾಷಣವೂ ಕೆಲಸ ಮಾಡುವುದಿಲ್ಲ.

ತರಗತಿಯೊಳಗೆ ಎರಡೇ ಸಾಕು: ಒಂದು ಕಾಗದಕ್ಕೆ, ಒಂದು ಉಳಿದ ಒಣ ಕಸಕ್ಕೆ. ಹಸಿ ಕಸದ ಬುಟ್ಟಿ ತಿನ್ನುವ ಜಾಗದಲ್ಲಿ ಮಾತ್ರ ಇರಲಿ. ತರಗತಿಯಲ್ಲಿ ಇಟ್ಟರೆ ಎರಡನೆಯ ದಿನಕ್ಕೆ ನೊಣ, ಮೂರನೆಯ ದಿನಕ್ಕೆ ದೂರು. ಬುಟ್ಟಿಗಳು ಯಾವಾಗಲೂ ಜೋಡಿಯಾಗಿಯೇ ಇರಬೇಕು. ಒಂಟಿ ಬುಟ್ಟಿ ಕಂಡರೆ ಮಗು ಎಲ್ಲವನ್ನೂ ಅದಕ್ಕೇ ಹಾಕುತ್ತದೆ, ದೊಡ್ಡವರೂ ಅಷ್ಟೇ. ಕಾಗದದ ಬುಟ್ಟಿಯ ಮುಚ್ಚಳದಲ್ಲಿ ಉದ್ದ ಸೀಳು, ಬಾಟಲಿಯದಕ್ಕೆ ದುಂಡು ತೂತು ಕೊರೆದರೆ ತಪ್ಪು ತಾನಾಗಿ ಇಳಿಯುತ್ತದೆ. ಇನ್ನೂ ಓದಲು ಬಾರದ 1ನೇ ತರಗತಿಯವರಿಗೆ ಚಿತ್ರಕ್ಕಿಂತ ನಿಜವಾದ ವಸ್ತುವೇ ಒಳ್ಳೆಯ ಗುರುತು. ತೊಳೆದ ಖಾಲಿ ಪೊಟ್ಟಣ, ಸುಕ್ಕಾದ ಹಾಳೆ, ಪೆನ್ಸಿಲ್ ಹೆರೆದ ಸಿಪ್ಪೆ, ಇವನ್ನೇ ಬುಟ್ಟಿಯ ಮೇಲಿನ ಗೋಡೆಗೆ ಅಂಟಿಸಿ.

ವಾರಕ್ಕೊಮ್ಮೆ ಯಾವುದಾದರೂ ಮೂರು ಬುಟ್ಟಿ ನೋಡಿ, ತಪ್ಪಾಗಿ ಬಿದ್ದ ವಸ್ತುಗಳನ್ನು ಎಣಿಸಿ ಬರೆದಿಡಿ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ತಪ್ಪಿದ್ದರೆ ಬುಟ್ಟಿಯ ಜಾಗವನ್ನೋ ಗುರುತನ್ನೋ ಬದಲಿಸಿ. ಮಕ್ಕಳನ್ನು ಬೈದರೆ ಸರಿಹೋಗುವ ವಿಷಯ ಇದಲ್ಲ.

ಬ್ಯಾಟರಿ, ಕೆಟ್ಟ ಕ್ಯಾಲ್ಕುಲೇಟರ್, ಚಾರ್ಜರ್, ಹಳೆಯ ಟ್ಯೂಬ್‌ಲೈಟ್ ಇವುಗಳಿಗೆ ಕಚೇರಿಯಲ್ಲಿ ಬೀಗವಿರುವ ಪೆಟ್ಟಿಗೆ ಬೇಕು. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿಯೇ ಒಳಗಿಡಿ. ತುದಿಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ಫ್ಲೋರೊಸೆಂಟ್ ಟ್ಯೂಬಿನಲ್ಲಿ ಪಾದರಸವಿದೆ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಹತ್ತು-ಹದಿನೈದು ನಿಮಿಷ ಬಿಟ್ಟು ಗಟ್ಟಿ ರಟ್ಟಿನಿಂದ ಚೂರುಗಳನ್ನು ಕೂಡಿಸಿ, ಪುಡಿಯನ್ನು ಟೇಪಿನಿಂದ ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬಳಸಿದರೆ ಪಾದರಸ ಕೋಣೆಯೆಲ್ಲ ಹರಡುತ್ತದೆ.

ಕಾಗದ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಕೆಲಸ ಸುಲಭ. ಪ್ರಿಂಟರ್‌ಗಳ ಮೂಲ ಸೆಟ್ಟಿಂಗನ್ನೇ ಎರಡು ಬದಿಗೆ ಬದಲಿಸಿ, ಪ್ರತಿ ಸಲ ನೆನಪಿಟ್ಟುಕೊಳ್ಳಬೇಕಾದ ನಿಯಮ ಉಳಿಯುವುದಿಲ್ಲ. ಒಂದು ಬದಿ ಖಾಲಿಯಿರುವ ಹಾಳೆಗಳಿಗೆ ಪ್ರತಿ ತರಗತಿಯಲ್ಲಿ ಒಂದು ತಟ್ಟೆ. ಅದಕ್ಕೆ ಹೋಗುವ ಮುಂಚೆ ಮಕ್ಕಳ ಹೆಸರು, ಅಂಕ, ಫೋನ್ ನಂಬರ್ ಇರುವ ಹಾಳೆಗಳನ್ನು ತೆಗೆದುಬಿಡಿ. ವರ್ಷದ ಕೊನೆಗೆ ಹಳೆಯ ನೋಟ್‌ಬುಕ್‌ಗಳ ಖಾಲಿ ಹಾಳೆ ಬಿಡಿಸಿ, 60 ಹಾಳೆಗೆ ಒಂದರಂತೆ ಹೊಲಿದರೆ ಕಚ್ಚಾ ಲೆಕ್ಕದ ಪುಸ್ತಕ ಸಿದ್ಧ. ಸ್ಟೇಪ್ಲರ್ ಪಿನ್ನಿಗಿಂತ ದಾರದ ಹೊಲಿಗೆ ಗಟ್ಟಿ, ಬೆರಳಿಗೂ ಚುಚ್ಚುವುದಿಲ್ಲ.

ಮರುಬಳಕೆ ಕಾಗದ ತಯಾರಿಸುವುದು ಒಳ್ಳೆಯ ಪಾಠ, ಆದರೆ ಅದರಿಂದ ಶಾಲೆಯ ಕಾಗದದ ಖರ್ಚು ತಗ್ಗುತ್ತದೆಂದು ನಂಬಿಕೊಳ್ಳಬೇಡಿ. ನೀರೂ ಮಿಕ್ಸರಿನ ವಿದ್ಯುತ್ತೂ ಸಾಕಷ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಸಾಕು. ಪ್ರಾಜೆಕ್ಟ್ ಮಾದರಿಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಥರ್ಮಾಕೋಲ್, ಮಿಂಚುಪುಡಿ, ಪ್ಲಾಸ್ಟಿಕ್ ಹಾಳೆ ಬೇಡ ಎಂದು ಪ್ರಾಜೆಕ್ಟ್ ಕೊಡುವಾಗಲೇ ಬರೆದು ಕಳಿಸಿ. ಮಾದರಿ ಮಾಡಿ ತಂದ ಮೇಲೆ ಬೇಡವೆಂದರೆ ಅಳುವುದು ಮಗು. ರಟ್ಟು, ಜೇಡಿಮಣ್ಣು, ಹಿಟ್ಟು ಬೇಯಿಸಿದ ಅಂಟು, ಬಟ್ಟೆಯ ತುಂಡು, ಇಷ್ಟರಲ್ಲಿ ಸೌರಮಂಡಲವೂ ಆಗುತ್ತದೆ, ಜ್ವಾಲಾಮುಖಿಯೂ ಆಗುತ್ತದೆ. ಕಾರ್ಯಕ್ರಮದ ಬ್ಯಾನರಿಗೆ ದಿನಾಂಕ, ಇಸವಿ ಹಾಕಿಸಬೇಡಿ. ಬಟ್ಟೆಯ ಮೇಲೆ ಬರೆಸಿದರೆ ಹತ್ತು ವರ್ಷ ಬರುತ್ತದೆ.

ತಟ್ಟೆಯಲ್ಲಿ ಉಳಿದದ್ದು

ತಿನ್ನುವ ವೇಳೆಯಲ್ಲಿ ಎರಡು ಬಕೆಟ್ ಇಟ್ಟು ಎರಡು ಬಗೆಯ ಉಳಿಕೆಯನ್ನು ಬೇರೆ ಬೇರೆ ತೂಗಿ: ಬಡಿಸದೆ ಪಾತ್ರೆಯಲ್ಲೇ ಉಳಿದದ್ದು ಮತ್ತು ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ. ಪಾತ್ರೆಯಲ್ಲಿ ಉಳಿದರೆ ಹಾಜರಿಯ ಲೆಕ್ಕ ಅಡುಗೆಮನೆಗೆ ತಡವಾಗಿ ತಲುಪುತ್ತಿದೆ. ಮೊದಲ ಪೀರಿಯಡ್ ಮುಗಿಯುವ ಮುಂಚೆ ತರಗತಿವಾರು ಸಂಖ್ಯೆ ಅಡುಗೆಯವರ ಕೈಸೇರುವಂತೆ ಮಾಡಿ. ತಟ್ಟೆಯಲ್ಲಿ ಉಳಿದರೆ ಬಡಿಸುವ ಸೌಟು ದೊಡ್ಡದು. 6 ವರ್ಷದವರಿಗೂ 10 ವರ್ಷದವರಿಗೂ ಒಂದೇ ಅಳತೆ ಬಡಿಸಿದರೆ ಚಿಕ್ಕವರು ಬಿಡಲೇಬೇಕು. ಮೊದಲು ಅರ್ಧ ಸೌಟು, ಕೇಳಿದರೆ ಮತ್ತೆ. 'ಇನ್ನೊಮ್ಮೆ ಬೇಕು' ಎನ್ನಲು ಮಗುವಿಗೆ ನಾಚಿಕೆಯಾಗದ ವಾತಾವರಣ ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಇಲ್ಲವಾದರೆ ಉಳಿಕೆಯ ತೂಕ ಇಳಿಯುತ್ತದೆ, ಮಗು ಹಸಿದುಕೊಂಡು ಮನೆಗೆ ಹೋಗುತ್ತದೆ.

ಇನ್ನೊಂದು ಕಾರಣ ವೇಳಾಪಟ್ಟಿಯಲ್ಲಿ ಅಡಗಿರುತ್ತದೆ. ಊಟದ ನಂತರ ಆಟವಿದ್ದರೆ ಮಕ್ಕಳ ಕಣ್ಣು ಮೈದಾನದ ಮೇಲೆ. ನಾಲ್ಕು ತುತ್ತು ತಿಂದು ಓಡುತ್ತಾರೆ. ಆಟ ಮೊದಲು, ಕೈತೊಳೆದು ಊಟ ಆಮೇಲೆ ಎಂದು ಎರಡು ವಾರ ಬದಲಿಸಿ ನೋಡಿ, ಬಕೆಟ್ ತೂಗಿ. ಒಂದು ಪೈಸೆ ಖರ್ಚಿಲ್ಲದ ಬದಲಾವಣೆ ಇದು. ಕೈತೊಳೆಯುವ ಜಾಗದಲ್ಲಿ ನೂಕುನುಗ್ಗಲು ಆಗುತ್ತದೆ. ತರಗತಿಗಳನ್ನು ಐದೈದು ನಿಮಿಷ ಬಿಟ್ಟು ಕಳಿಸಿ.

'ತಟ್ಟೆ ಖಾಲಿ ಮಾಡಿದವರಿಗೆ ಬಹುಮಾನ' ಮಾತ್ರ ಬೇಡ. ಬಲವಂತದ ಊಟ ಯಾವ ಲೆಕ್ಕದಲ್ಲೂ ಪರಿಸರ ಸೇವೆಯಲ್ಲ.

ಗೊಬ್ಬರದ ಗೂಡು

ಹಸಿ ಕಸವನ್ನು ಒಣ ಎಲೆಯ ಜೊತೆ ಕೊಳೆಸಿ ಗೊಬ್ಬರ ಮಾಡುವುದು ಶಾಲೆಗಳು ಹೆಚ್ಚು ಆಸೆಯಿಂದ ಶುರುಮಾಡಿ ಬೇಗ ಕೈಬಿಡುವ ಕೆಲಸ. ಕೈಬಿಡಲು ಕಾರಣ ನೂರಕ್ಕೆ ತೊಂಬತ್ತು ಸಲ ವಾಸನೆ. ವಾಸನೆಗೆ ಕಾರಣ ಒಣ ಎಲೆ ಸಾಲದಿರುವುದು.

ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 25ರಿಂದ 30 ಪಾಲಿಗೆ 1 ಪಾಲಿನಂತೆ ಸಿಕ್ಕರೆ ಕೆಲಸ ಸಲೀಸು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಕೈಯಳತೆಯಲ್ಲಿ ಹೇಳಬೇಕೆಂದರೆ ಒಂದು ಬಕೆಟ್ ಹಸಿ ಕಸಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ. ದಿನಕ್ಕೆ ಒಂದು ಬಕೆಟ್ ಸಿಪ್ಪೆ ಬರುವ ಶಾಲೆಗೆ 200 ದಿನಕ್ಕೆ ಕನಿಷ್ಠ 400 ಬಕೆಟ್ ಒಣ ಎಲೆ ಬೇಕು! ಎಲೆ ಉದುರುವ ಕಾಲದಲ್ಲಿ ಗೋಣಿಚೀಲಗಳಲ್ಲಿ ಒತ್ತಿ ತುಂಬಿ, ಮಳೆ ತಾಗದ ಕಡೆ ಇಟ್ಟುಕೊಂಡರೆ ಮಾತ್ರ ಇದು ಸಾಧ್ಯ. ಎಲೆ ಸಾಲದಿದ್ದರೆ ಹರಿದ ರಟ್ಟು, ಬಣ್ಣ ಬಳಿಯದ ಮರದ ಹೊಟ್ಟು. ಶಾಲೆಯ ಅಂಗಳದಲ್ಲಿ ಎಲೆಗೆ ಬೆಂಕಿ ಹಚ್ಚುವ ಅಭ್ಯಾಸವಿದ್ದರೆ ಅದು ಈ ನೆಪದಲ್ಲೇ ನಿಲ್ಲುತ್ತದೆ.

ಹಂತಗಳು ಹೀಗೆ:

1. ಗಾಳಿಯಾಡುವ ಮೂರು ಗೂಡು ಕಟ್ಟಿ, ಒಂದೊಂದೂ ಉದ್ದ, ಅಗಲ, ಎತ್ತರದಲ್ಲಿ ಸುಮಾರು 1 ಮೀಟರ್. ಅದಕ್ಕಿಂತ ಬಹಳ ಚಿಕ್ಕದಾದರೆ ಒಳಗೆ ಶಾಖ ನಿಲ್ಲುವುದಿಲ್ಲ. ಇಟ್ಟಿಗೆಯಲ್ಲಿ ಕಟ್ಟುವುದಾದರೆ ನಡುನಡುವೆ ಕಿಂಡಿ ಬಿಡಿ, ತಳ ಮಣ್ಣಿನದೇ ಇರಲಿ. ಮೇಲೆ ಮಳೆ ತಡೆಯುವ ಮಾಡು, ಇಲಿ ಬಾರದಂತೆ ಸುತ್ತ ಒಂದು ಸೆಂಟಿಮೀಟರ್ ಕಣ್ಣಿನ ತಂತಿಬಲೆ. ನೀರಿನ ತೊಟ್ಟಿ, ಬಾವಿಯಿಂದ ದೂರ.

2. ತಳದಲ್ಲಿ ಒಂದು ಗೇಣು ಕಡ್ಡಿ-ಪುರಲೆ. ಗಾಳಿ ಒಳಸೇರುವ ದಾರಿ ಇದೇ.

3. ಪ್ರತಿದಿನ ಹಸಿ ಕಸ ಸುರಿದ ಕೂಡಲೇ ಒಣ ಎಲೆ ಮುಚ್ಚಿ. ಮೇಲಿಂದ ನೋಡಿದರೆ ಹಸಿ ಕಸದ ತುಣುಕೂ ಕಾಣಬಾರದು. ಮೊದಲ ದಿನ ನಾಲ್ಕು ಸೇರು ತೋಟದ ಮಣ್ಣು ಅಥವಾ ಹಳೆಯ ಗೊಬ್ಬರ ಸೇರಿಸಿದರೆ ಬೇರೆ 'ಜೈವಿಕ ದ್ರಾವಣ' ಯಾವುದನ್ನೂ ಕೊಳ್ಳಬೇಕಿಲ್ಲ.

4. ವಾರಕ್ಕೊಮ್ಮೆ ದೊಡ್ಡವರು ಕವೆಗೋಲಿನಿಂದ ಮಗುಚಲಿ. ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಎಲೆ ಸೇರಿಸಿ, ಪುಡಿಪುಡಿಯಾದರೆ ನೀರು ಚಿಮುಕಿಸಿ.

5. ಒಂದು ಗೂಡು ತುಂಬಿದ ಮೇಲೆ ಮುಚ್ಚಿ ಎರಡನೆಯದಕ್ಕೆ ಹೋಗಿ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಪಕ್ವವಾಗಿರುತ್ತದೆ. ಚೆನ್ನಾಗಿ ಮಗುಚಿದರೆ ಮೂರು-ನಾಲ್ಕು ತಿಂಗಳು, ಇಲ್ಲವಾದರೆ ಆರು.

ಎಣ್ಣೆ, ಮಾಂಸ, ಹಾಲಿನ ಪದಾರ್ಥ, ಮಸಾಲೆ ಬೆರೆತ ಬೇಯಿಸಿದ ಅಡುಗೆ ಮೊದಲ ವರ್ಷ ಹಾಕಲೇಬೇಡಿ. ಇಲಿ, ನಾಯಿ ಬರುವುದು ಇವುಗಳಿಗಾಗಿ.

ಗೂಡಿನ ಬಳಿ ನಿಂತರೆ ಮೂಗೇ ಮೀಟರು. ಮೂತ್ರದಂಥ ಘಾಟು ಬಂದರೆ ಅದು ಅಮೋನಿಯಾ, ಸಾರಜನಕ ಹೆಚ್ಚಾಗಿದೆ, ಒಣ ಎಲೆ ಬೆರೆಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದೆ ನೀರು ನಿಂತಿದೆ, ಮಗುಚಿ, ಕಡ್ಡಿ ಸೇರಿಸಿ. ಇರುವೆ ಮನೆ ಮಾಡಿದ್ದರೆ ಒಣಗಿದೆ. ವಾಸನೆಯೂ ಇಲ್ಲ, ಬಿಸಿಯೂ ಇಲ್ಲ, ಹಾಕಿದ್ದು ಹಾಗೆಯೇ ಇದೆ ಎಂದರೆ ಎಲೆ ಹೆಚ್ಚಾಯಿತು ಅಥವಾ ರಾಶಿ ಚಿಕ್ಕದಾಯಿತು. ಒಳ್ಳೆಯ ರಾಶಿಯ ನಡುಭಾಗ 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಉದ್ದ ಕಾಂಡದ ಥರ್ಮಾಮೀಟರ್ ಚುಚ್ಚಿ ಮಕ್ಕಳು ದಿನವೂ ಓದಿ ಗೆರೆಚಿತ್ರ ಬರೆದರೆ 4ನೇ ತರಗತಿಗೆ ತಿಂಗಳ ಗಣಿತ ಪಾಠ ಅಲ್ಲೇ ಇದೆ.

ಗೊಬ್ಬರ ಪಕ್ವವಾಯಿತೇ ಎಂದು ನೋಡಲು ಒದ್ದೆ ಮಾಡಿದ ಒಂದು ಹಿಡಿಯನ್ನು ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಬಿಟ್ಟು ಬಿಚ್ಚಿ. ಮಳೆ ಬಿದ್ದ ಮಣ್ಣಿನ ವಾಸನೆಯಿದ್ದರೆ ಸಿದ್ಧ, ಹುಳಿ ನಾತವಿದ್ದರೆ ಇನ್ನೂ ತಿಂಗಳು ಬೇಕು. ಪಕ್ವವಾಗದ ಗೊಬ್ಬರ ಹಾಕಿದರೆ ಸಸಿಯ ಬೇರು ಸುಡುತ್ತದೆ.

ನೀರು

ಮೊದಲು ಸೋರಿಕೆ ನಿಲ್ಲಿಸಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಅಳತೆಯ ಲೋಟ ಇಟ್ಟು, ಬಂದ ನೀರನ್ನು 24ರಿಂದ ಗುಣಿಸಲು ಮಕ್ಕಳಿಗೆ ಹೇಳಿ. ಒಂದು ಗಂಟೆಗೆ 250 ಮಿಲಿಲೀಟರ್ ಬಂದರೆ ದಿನಕ್ಕೆ 6 ಲೀಟರ್, ವರ್ಷಕ್ಕೆ ಎರಡು ಸಾವಿರ ಲೀಟರಿಗೂ ಮೇಲೆ. ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಒಂದು ಸವೆದ ವಾಷರ್. ಒಂದು ಡಬ್ಬಿ ವಾಷರ್, ಟೆಫ್ಲಾನ್ ಟೇಪ್, ಸ್ಪ್ಯಾನರ್ ಶಾಲೆಯಲ್ಲೇ ಇರಲಿ. ರಿಪೇರಿಯವರು ಬರುವ ತನಕ ಕಾಯುವ ಮೂರು ವಾರವೇ ದೊಡ್ಡ ಪೋಲು.

ಶೌಚಾಲಯದ ಫ್ಲಶ್ ತೊಟ್ಟಿ ಸದ್ದಿಲ್ಲದೆ ಸೋರುತ್ತದೆ. ತೊಟ್ಟಿಯೊಳಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, 20 ನಿಮಿಷ ಯಾರೂ ಬಳಸದಂತೆ ನೋಡಿಕೊಳ್ಳಿ. ಶೌಚದ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಬದಲಿಸಬೇಕು. ಹಳೆಯ ಕಾಲದ ದೊಡ್ಡ ತೊಟ್ಟಿಯೊಳಗೆ ನೀರು ತುಂಬಿದ ಒಂದು ಲೀಟರ್ ಬಾಟಲಿ ಇಟ್ಟರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಇಟ್ಟಿಗೆ ಇಡಬೇಡಿ, ಕರಗಿ ಕವಾಟಕ್ಕೆ ಸಿಕ್ಕಿಕೊಳ್ಳುತ್ತದೆ. 6 ಲೀಟರಿನ ಹೊಸ ತೊಟ್ಟಿಗಳಲ್ಲಿ ಈ ಉಪಾಯ ಬೇಡ. ಸರಿಯಾಗಿ ಹೋಗದೆ ಎರಡು ಸಲ ಒತ್ತಬೇಕಾಗುತ್ತದೆ.

ಕೈತೊಳೆಯುವ ನಲ್ಲಿಗಳ ಬಾಯಿಗೆ ಗಾಳಿ ಬೆರೆಸುವ ಜಾಲರಿ, ಅಂದರೆ ಏರೇಟರ್, ತಿರುಗಿಸಿ ಕೂರಿಸಿದರೆ ನಿಮಿಷಕ್ಕೆ 10 ಲೀಟರ್ ಸುರಿಯುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಗಡಸು ನೀರಿರುವ ಕಡೆ ಎರಡು ತಿಂಗಳಿಗೊಮ್ಮೆ ಬಿಚ್ಚಿ ಹುಳಿರಸದಲ್ಲಿ ನೆನೆಸಿ ತೊಳೆಯಬೇಕು. ಹಾಗೆ ಮಾಡದಿದ್ದರೆ ಕಟ್ಟಿಕೊಂಡು, ಬೇಸತ್ತ ಯಾರೋ ಕಿತ್ತೆಸೆಯುತ್ತಾರೆ. ಒತ್ತಿದರೆ ಕೆಲವು ಸೆಕೆಂಡ್ ಬಂದು ತಾನೇ ನಿಲ್ಲುವ ನಲ್ಲಿ ಮಕ್ಕಳಿಗೆ ಸರಿಯೇ, ಆದರೆ ಕೊಳ್ಳುವ ಮುಂಚೆ 6 ವರ್ಷದ ಮಗುವಿನ ಕೈಯಲ್ಲಿ ಒತ್ತಿಸಿ ನೋಡಿ. ಕೆಲವು ದೊಡ್ಡವರಿಗೇ ಗಟ್ಟಿ. ನೀರು ಉಳಿಸುವ ಭರದಲ್ಲಿ ಕೈತೊಳೆಯುವ 20 ಸೆಕೆಂಡಿಗೆ ಕತ್ತರಿ ಹಾಕಬೇಡಿ. ಸೋಪು ಹಚ್ಚುವಾಗ ನಲ್ಲಿ ನಿಂತಿದ್ದರೆ ಆಯಿತು.

ಕುಡಿಯುವ ನೀರಿಗೆ ಆರ್‌ಒ ಯಂತ್ರವಿದ್ದರೆ ಅದು ಹೊರಬಿಡುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕೈತೋಟಕ್ಕೆ ದಿನವೂ ಹಾಯಿಸಿದರೆ ಉಪ್ಪು ಕೂಡುತ್ತಾ ಹೋಗಿ ಗಿಡ ಸೊರಗುತ್ತದೆ.

ಮಳೆನೀರಿನ ಲೆಕ್ಕ ಸರಳ: ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಅಂದರೆ 1000 ಲೀಟರ್, ನೆನೆದು ಚಿಮ್ಮಿ ಹೋದದ್ದು ಕಳೆದು 800 ಲೀಟರ್ ಸಿಕ್ಕೀತು. ಚಾವಣಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಮೊದಲ 1ರಿಂದ 2 ಮಿಲಿಮೀಟರ್ ನೀರನ್ನು, ಅಂದರೆ ಈ ಚಾವಣಿಗೆ 100ರಿಂದ 200 ಲೀಟರ್, ಹೊರಬಿಡುವ ಕೊಳವೆ ಇರಲೇಬೇಕು. ತೊಟ್ಟಿಗೆ ಮುಚ್ಚಳ, ಉಕ್ಕಿ ಹರಿಯುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚನೆಯ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಈ ನೀರು ಗಿಡಕ್ಕೆ, ಶೌಚಾಲಯಕ್ಕೆ. ಶುದ್ಧೀಕರಣ, ಪರೀಕ್ಷೆ ಎರಡೂ ಆಗದೆ ಕುಡಿಯಲು ಕೊಡಬೇಡಿ.

ವಿದ್ಯುತ್ತು

ರಾತ್ರಿಯ ಅಂಕಿಯಿಂದ ಶುರುಮಾಡಿ. ಸಂಜೆ ಎಲ್ಲರೂ ಹೋದ ಮೇಲೆ ಒಂದೊಂದೇ ಸರ್ಕ್ಯೂಟ್ ಆರಿಸುತ್ತಾ ಮೀಟರಿನ ದೀಪ ಮಿನುಗುವ ವೇಗ ನೋಡಿದರೆ ಕಳ್ಳ ಸಿಗುತ್ತಾನೆ. ಸಾಮಾನ್ಯವಾಗಿ ಸಿಗುವುದು ನೀರು ತಣ್ಣಗಿಡುವ ಯಂತ್ರ, ಪೂರ್ತಿ ಆರಿಸದ ಕಂಪ್ಯೂಟರ್‌ಗಳು, ಪ್ರೊಜೆಕ್ಟರ್, ಹಗಲಲ್ಲೂ ಉರಿಯುವ ಅಂಗಳದ ದೀಪ.

ದೀಪಕ್ಕಿಂತ ಮುಂಚೆ ಕಿಟಕಿ. ಗಾಜಿನ ಧೂಳು ಒರೆಸಿ, ಕಿಟಕಿಗೆ ಒರಗಿಸಿದ ಬೀರು ಸರಿಸಿ, ಚಾವಣಿಯ ಒಳಮೈಗೆ ಬಿಳಿ ಬಣ್ಣ ಬಳಿಸಿ. ಡೆಸ್ಕಿನ ಮೇಲೆ 300 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕಿದ್ದರೆ ಓದು ಬರಹ ನಡೆಯುತ್ತದೆ. ಮತ್ತೆ ವೈರಿಂಗ್ ಮಾಡಿಸುವಾಗ ಕಿಟಕಿಯ ಪಕ್ಕದ ಸಾಲಿನ ದೀಪಗಳಿಗೆ ಬೇರೆ ಸ್ವಿಚ್ ಹಾಕಿಸಿ. ಇಡೀ ಕೋಣೆಗೆ ಒಂದೇ ಸ್ವಿಚ್ ಇದ್ದರೆ ಗೋಡೆ ಬದಿಯ ಕತ್ತಲೆಗಾಗಿ ಕಿಟಕಿ ಬದಿಯ ದೀಪವೂ ಉರಿಯುತ್ತದೆ. 36 ವ್ಯಾಟಿನ ಹಳೆಯ ಟ್ಯೂಬು ಚೋಕ್ ಸೇರಿ 45 ವ್ಯಾಟಿನಷ್ಟು ಎಳೆಯುತ್ತದೆ, ಎಲ್‌ಇಡಿ ಟ್ಯೂಬು 18ರಿಂದ 20. ಬದಲಿಸುವಾಗ ಹೊಸ ಟ್ಯೂಬಿಗೆ ಚೋಕ್ ಬೇಡವಾದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಬಿಡಿಸಿಯೇ ಹಾಕಿಸಿ.

ಫ್ಯಾನುಗಳಿರುವ ಶಾಲೆಯಲ್ಲಿ ದೊಡ್ಡ ಉಳಿತಾಯ ಅಲ್ಲಿದೆ. 75 ವ್ಯಾಟಿನ 20 ಫ್ಯಾನು ದಿನಕ್ಕೆ 6 ಗಂಟೆ ತಿರುಗಿದರೆ 9 ಯೂನಿಟ್. ಕಡಿಮೆ ವಿದ್ಯುತ್ತು ಎಳೆಯುವ ಹೊಸ ಬಗೆಯ ಮೋಟಾರಿರುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ 3.6 ಯೂನಿಟ್. ಇವು 200 ದಿನ ಓಡಿದರೆ ಉಳಿಯುವುದು 1080 ಯೂನಿಟ್. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ, ಕೆಟ್ಟದ್ದರ ಜಾಗಕ್ಕೆ ಹೊಸದು ತನ್ನಿ. ರಿಮೋಟ್ ಮಾತ್ರವೇ ಇರುವ ಮಾದರಿ ಶಾಲೆಗೆ ಆಗಿಬರುವುದಿಲ್ಲ. ತಿಂಗಳೊಳಗೆ ರಿಮೋಟ್ ಕಳೆದುಹೋಗುತ್ತದೆ. ಹಳೆಯ ರೆಗ್ಯುಲೇಟರ್ ಮೂಲಕ ಬಿಎಲ್‌ಡಿಸಿ ಫ್ಯಾನ್ ಓಡಿಸಬೇಡಿ, ಅದನ್ನು ತೆಗೆಸಿ ನೇರ ಜೋಡಿಸಿ. ಡಬ್ಬಿಯಂಥ ಹಳೆಯ ರೆಗ್ಯುಲೇಟರು ಹಳೆಯ ಫ್ಯಾನಿಗೂ ಉಪಕಾರಿಯಲ್ಲ: ವೇಗ ತಗ್ಗಿಸಿದಾಗ ಉಳಿದ ವಿದ್ಯುತ್ತನ್ನು ಬಿಸಿಯಾಗಿ ಚೆಲ್ಲುತ್ತದೆ.

ಸೌರಫಲಕ ಇದೆಲ್ಲ ಆದ ಮೇಲೆ. ಮೊದಲೇ ಹಾಕಿದರೆ ಪೋಲಾಗುವ ವಿದ್ಯುತ್ತಿಗೂ ಫಲಕ ಕೊಂಡಂತಾಗುತ್ತದೆ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ 8ರಿಂದ 10 ಚದರ ಮೀಟರ್ ಚಾವಣಿ ಬೇಕು. ಶಾಲೆಗೆ ವರ್ಷದಲ್ಲಿ ಎರಡು-ಮೂರು ತಿಂಗಳು ರಜೆ. ಆಗ ಹುಟ್ಟುವ ವಿದ್ಯುತ್ತು ಗ್ರಿಡ್ಡಿಗೆ ಹೋಗುವ ಏರ್ಪಾಡಿಲ್ಲದಿದ್ದರೆ ಅಷ್ಟೂ ನಷ್ಟ. ಫಲಕ ತೊಳೆಯುವವರು ಯಾರು ಎಂಬ ಹೆಸರು ಒಪ್ಪಂದಕ್ಕೆ ಮುಂಚೆಯೇ ಗೊತ್ತಿರಲಿ.

ಸ್ವಚ್ಛತೆಯ ದ್ರಾವಣಗಳು

'ಹಸಿರು' ಎಂದು ಬರೆದ ಬಾಟಲಿ ಹುಡುಕುವುದಕ್ಕಿಂತ ಅಳತೆಯ ಮುಚ್ಚಳ ಕೊಡುವುದು ಹೆಚ್ಚು ಫಲ ಕೊಡುತ್ತದೆ. ಬಾಟಲಿಯಿಂದ ನೇರ ಬಕೆಟ್ಟಿಗೆ ಸುರಿದರೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ, ನೆಲ ಅಂಟಂಟಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ತರಗತಿಯ ನೆಲಕ್ಕೆ ದಿನನಿತ್ಯ ಸೋಪಿನ ನೀರು ಸಾಕು, ಕ್ರಿಮಿನಾಶಕ ಶೌಚಾಲಯಕ್ಕೆ ಮತ್ತು ವಾಂತಿ, ರಕ್ತ ಬಿದ್ದ ಜಾಗಕ್ಕೆ. ವಿನೆಗರ್ ಕಲೆ ತೆಗೆಯುತ್ತದೆ, ಕ್ರಿಮಿನಾಶಕದ ಜಾಗದಲ್ಲಿ ಅದನ್ನು ನಂಬಬೇಡಿ.

ಬ್ಲೀಚಿನ ಜೊತೆ ಆಮ್ಲವಿರುವ ಶೌಚಾಲಯ ದ್ರಾವಣ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಬೆರೆತರೂ ಅಷ್ಟೇ. ಒಂದನ್ನು ಹಾಕಿ ಪೂರ್ತಿ ತೊಳೆಯದೆ ಇನ್ನೊಂದನ್ನು ಹಾಕಬಾರದು. ಕುಡಿಯುವ ನೀರಿನ ಬಾಟಲಿಗೆ ರಾಸಾಯನಿಕ ತುಂಬಿಡುವ ಅಭ್ಯಾಸ ಇಂದೇ ನಿಲ್ಲಲಿ.

ಗೇಟಿನ ಹೊರಗೆ

ಬೆಳಿಗ್ಗೆ, ಸಂಜೆ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ವಾಹನಗಳ ಹೊಗೆ ನೇರ ಮಕ್ಕಳ ಮೂಗಿನ ಎತ್ತರಕ್ಕೇ ಬರುತ್ತದೆ. ಒಂದು ವಾರ ಎಣಿಸಿ: ಎಷ್ಟು ವಾಹನ, ಎಷ್ಟು ನಿಮಿಷ ಎಂಜಿನ್ ಓಡುತ್ತಿತ್ತು. ಆಮೇಲೆ ಗೇಟಿನಿಂದ 100 ಮೀಟರ್ ದೂರದಲ್ಲಿ ಇಳಿಸುವ ಜಾಗ ಗೊತ್ತುಮಾಡಿ. ಬೋರ್ಡು ಹಾಕಿದರೆ ಪೋಷಕರು ಓದುವುದಿಲ್ಲ, ಮಕ್ಕಳೇ ಬರೆದ ಚೀಟಿ ಕೊಟ್ಟರೆ ಓದುತ್ತಾರೆ. ಒಂದೇ ದಾರಿಯ ಮಕ್ಕಳು ಗುಂಪಾಗಿ ನಡೆದು ಬರುವ 'ನಡಿಗೆ ಬಸ್' ಶುರುಮಾಡುವುದಾದರೆ ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು ಕಡ್ಡಾಯ, ನಿಲ್ದಾಣಕ್ಕೆ ಇಂತಿಷ್ಟೇ ಗಂಟೆ ಎಂದು ಬರೆದ ಪಟ್ಟಿ ಬೇಕು. ಮೊದಲು ವಾರಕ್ಕೆ ಒಂದೇ ದಿನ. ಸೋಮವಾರ ಬೇಡ, ಅಂದು ಎಲ್ಲರಿಗೂ ಅವಸರ.

ಗಿಡ, ಮರ, ಕೈತೋಟ

ನೆಡುವ ಸಂಖ್ಯೆ ಬಿಡಿ, ನೀರು ಹಾಕಲು ಕೈ ಎಷ್ಟಿವೆ ಎಂದು ನೋಡಿ. ಮೊದಲ ಎರಡು ವರ್ಷ ಆರೈಕೆ ಮಾಡಲಾಗದ ಐವತ್ತಕ್ಕಿಂತ ಬದುಕುವ ಐದು ಮೇಲು. ಆಯಾ ನೆಲದ ಜಾತಿಗಳನ್ನೇ ಆರಿಸಿ. ದೊಡ್ಡದಾಗಿ ಬೆಳೆಯುವ ಮರ ಗೋಡೆ, ನೀರಿನ ಕೊಳವೆ, ಒಳಚರಂಡಿಯಿಂದ ಕನಿಷ್ಠ 6 ಮೀಟರ್ ದೂರವಿರಲಿ, ಮೇಲೆ ವಿದ್ಯುತ್ ತಂತಿ ಇರದಿರಲಿ. ಗುಂಡಿ ಬೇರಿನ ಉಂಡೆಗಿಂತ ಎರಡು ಪಟ್ಟು ಅಗಲ, ಆಳ ಮಾತ್ರ ಉಂಡೆಯಷ್ಟೇ. ಪ್ಲಾಸ್ಟಿಕ್ ಚೀಲ ತೆಗೆಯದೆ ನೆಟ್ಟ ಸಸಿಗಳನ್ನು ಎಷ್ಟು ಕಡೆ ಅಗೆದು ತೆಗೆಯಬೇಕಾಗುತ್ತದೋ ಲೆಕ್ಕವಿಲ್ಲ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಅಂಗೈ ಬಿಡಿ.

ಚಿಕ್ಕ ಮಕ್ಕಳು ಎಲೆ, ಕಾಯಿ ಬಾಯಿಗಿಡುತ್ತಾರೆ. ಕಣಗಿಲೆ, ದತ್ತೂರಿ, ಹರಳು ಈ ಮೂರೂ ವಿಷ. ಅಂಗಳದಲ್ಲಿದ್ದರೆ ತೆಗೆಸಿ. ತೆಗೆಯುವಾಗ ಸುಡಬೇಡಿ, ಕಣಗಿಲೆಯ ಹೊಗೆಯೂ ಕೆಟ್ಟದ್ದು.

ತರಕಾರಿ ಮಡಿ 1.2 ಮೀಟರಿಗಿಂತ ಅಗಲವಾಗಬಾರದು. ಮಕ್ಕಳ ಕೈಗೆ 80 ಸೆಂಟಿಮೀಟರ್ ಇನ್ನೂ ಒಳ್ಳೆಯದು, ಇಲ್ಲವಾದರೆ ಮಧ್ಯಕ್ಕೆ ಕೈ ಎಟುಕದೆ ಮಡಿಯೊಳಗೆ ಕಾಲಿಡುತ್ತಾರೆ. ಬಿತ್ತನೆಯ ದಿನ ಗೊತ್ತುಮಾಡುವ ಮುಂಚೆ ಶಾಲೆಯ ಕ್ಯಾಲೆಂಡರ್ ನೋಡಿ, ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ. ಮೂಲಂಗಿಗೆ ಐದಾರು ವಾರ, ಸೊಪ್ಪಿಗೆ ನಾಲ್ಕು ವಾರ ಸಾಕು. ಟೊಮೆಟೊಗೆ ಮೂರು ತಿಂಗಳು ಬೇಕು, ಅದು ಹಣ್ಣಾಗುವುದು ಸರಿಯಾಗಿ ರಜೆಯಲ್ಲಿ.

ರಜೆಗೆ ಮುಂಚಿನ ದಿನ, ರಜೆ ಮುಗಿದ ದಿನ

ದೊಡ್ಡ ರಜೆಗೆ ಹದಿನೈದು ದಿನ ಮುಂಚೆ ಗೊಬ್ಬರದ ಗೂಡಿಗೆ ಹಸಿ ಕಸ ನಿಲ್ಲಿಸಿ, ಕೊನೆಯ ಸಲ ಮಗುಚಿ, ಮೇಲೆ ಒಂದು ಮೊಳ ಒಣ ಎಲೆ ಹಾಕಿ ಮುಚ್ಚಿ. ರಜೆಯಲ್ಲಿ ಗಿಡಕ್ಕೆ ನೀರು ಹಾಕುವವರ ವಾರವಾರದ ಪಟ್ಟಿಯನ್ನು ಪೋಷಕರ ಸಭೆಯಲ್ಲೇ ಬರೆಸಿಕೊಂಡು ಗೇಟಿಗೆ ಅಂಟಿಸಿ. ಕೀಲಿ ಯಾರ ಬಳಿ ಎಂದೂ ಬರೆಯಿರಿ. ಶೌಚಾಲಯ, ಅಡುಗೆಮನೆಯ ನೀರಿನ ಕವಾಟ ಮುಚ್ಚಿ, ಗಿಡದ ನಲ್ಲಿ ಮಾತ್ರ ಬಿಡಿ. ನೀರು ತಣ್ಣಗಿಡುವ ಯಂತ್ರ ಆರಿಸಿ, ಖಾಲಿ ಮಾಡಿ, ಬಾಗಿಲು ತೆರೆದಿಡಿ. ಎರಡೂ ಮೀಟರ್ ಓದಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಮಿತಿಯ ಶಿಕ್ಷಕರಿಗೆ ವರ್ಗಾವಣೆಯಾಗಿದ್ದರೆ ಆ ನೋಟ್‌ಬುಕ್ ಅವರ ಜೊತೆ ಹೋಗದಂತೆ ಕಚೇರಿಯ ಕಪಾಟಿನಲ್ಲಿರಲಿ.

ಮತ್ತೆ ತೆರೆದ ದಿನ ಮಕ್ಕಳು ಬರುವ ಮುಂಚೆ ಮೀಟರ್ ಓದಿ. ಆಮೇಲೆ ಕವಾಟ ತೆರೆದು ಪ್ರತಿ ನಲ್ಲಿಯನ್ನೂ ಕೆಲವು ನಿಮಿಷ ಹರಿಯಲು ಬಿಡಿ, ಕೊಳವೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಕುಡಿಯಲು ತಕ್ಕದ್ದಲ್ಲ. ಆ ನೀರನ್ನು ಬಕೆಟ್‌ಗಳಲ್ಲಿ ಹಿಡಿದು ನೆಲ ತೊಳೆಯಲು ಇಟ್ಟುಕೊಳ್ಳಿ. ಗೊಬ್ಬರದ ಗೂಡಿನ ಮುಚ್ಚಳ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ. ಬೆಚ್ಚಗೆ, ತೇವವಾಗಿ, ಎರಡು ತಿಂಗಳು ಯಾರೂ ಮುಟ್ಟದ ರಾಶಿ ಹಾವಿಗೂ ಇಷ್ಟ.